ಕೈ ಮಾತ್ರ

ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ನಾಲ್ಕನೆಯದರ ಹಿಂದೆ
ತಗಡಿನ ಬಾಗಿಲಿನ ಮನೆ.
ತಿಂಗಳ ಆರನೇ ತಾರೀಕು ಬಾಡಿಗೆಗೆ
ನನ್ನನ್ನು ಕಳಿಸುತ್ತಿದ್ದರು. ಏಳು ರೂಪಾಯಿ.
ಅವಳು ಕೊಡುತ್ತಿದ್ದದ್ದು ಐದು,
ಉಳಿದೆರಡಕ್ಕೆ ಒಂದು ಸಿನಿಮಾದ ಕತೆ.

ಅಪ್ಪ ಬೈಯುತ್ತಿದ್ದ: ಕತೆ ತಗೊಂಡೋದ್ರೆ
ಮಂಡಿಪೇಟೆಯಾಗೆ ಜೋಳ ಅಳೀತಾರೇನಲೇ?

ಹೆಸರು ತಿಪ್ಪಮ್ಮ. ದುರ್ಗದ ಕಡೆಯವಳು,
ಯಾವ ಹಳ್ಳಿಯೆಂದು ಹೇಳಲಿಲ್ಲ.
ನಾಟಕ ಕಂಪನಿ ಮುಳುಗಿ ಹಾರ್ಮೋನಿಯಂ ಕೂಡ
ಹರಾಜಾದ ವರ್ಷ ರೈಲು ಹತ್ತಿದಳು, ಮುಂಬಯಿಗೆ,
ಹದಿನೇಳರ ಹುಡುಗಿ.
ಅಲ್ಲಿ ಹೆಸರಿನ ತಲೆಯಿಂದ ‘ತಿ’ ಒಂದನ್ನು ಇಟ್ಟುಕೊಂಡು
ಮಿಕ್ಕದ್ದನ್ನು ಬಿಸಾಡಿ
ಮಿಸ್ ತಿಲೋತ್ತಮೆ ಎಂದರು.

ಮಾತಿಲ್ಲದ ಚಿತ್ರಗಳ ಕಾಲ.
ಕನ್ನಡ ಬಿಟ್ಟು ಬೇರೇನೂ ಬಾರದವಳಿಗೆ ಅದು ಹಬ್ಬ.
ರಾಣಿಯ ಸಖಿಯಾಗಿ ರಾಜನೆದುರು ಮಂಡಿಯೂರಿ
ಕಣ್ತುಂಬ ನೀರು ತಂದುಕೊಂಡು ಅಂದಳಂತೆ:
‘ಎಲಾ ಮುಖೇಡಿ, ನಿನ್ನೆ ಭತ್ಯೆ ನುಂಗಿದೆಯಲ್ಲೋ.’
ಪರದೆಯ ಮೇಲೆ ಅಕ್ಷರ ಮೂಡಿತು:
ಪ್ರಭುವೇ, ನಮ್ಮನ್ನು ಕಾಪಾಡು.

ಒಟ್ಟು ಒಂಬತ್ತು. ಐದರಲ್ಲಿ ಅರ್ಧಕ್ಕೆ ಮುಂಚೆಯೇ ಸತ್ತಳು.
ಹಾವು ಕಚ್ಚಿ ಎರಡು ಸಲ, ಬಾವಿಗೆ ಬಿದ್ದು ಎರಡು ಸಲ,
ಒಮ್ಮೆ ಯಾಕೆಂದು ಯಾರೂ ಹೇಳಲಿಲ್ಲ,
ಮಲಗು ಎಂದರು, ಮಲಗಿದಳು.
ಮೂರರಲ್ಲಿ ಗುಂಪು.
ಉಳಿದೊಂದರಲ್ಲಿ ಕೈ ಮಾತ್ರ.

ನಾಯಕಿಯ ಬೆರಳು ಮೊಂಡಾಗಿದ್ದವಂತೆ.
ಆದ್ದರಿಂದ ಅವಳು ಓಲೆ ಬರೆಯುವಾಗ
ಪರದೆ ತುಂಬ ಬಂದದ್ದು ತಿಪ್ಪಮ್ಮನ ಬಲಗೈ,
ಅ ಆ ಕಲಿಯದ ಕೈ.
ಗರಿ ಅದ್ದಿ ಹಾಳೆಯ ಮೇಲೆ ಎಳೆದದ್ದು
ಅವ್ವನ ಹಿಂದೆ ಕೂತು ಅಂಗಳದಲ್ಲಿ ಬಿಡುತ್ತಿದ್ದ
ರಂಗೋಲಿಯ ಎಳೆ.
ನಾಯಕ ಅದನ್ನು ಓದಿದ. ಎದೆಗೊತ್ತಿಕೊಂಡ.
ನಾಲ್ಕಾಣೆಯ ಬೆಂಚಿನವರು ಅತ್ತರಂತೆ.

ಆಮೇಲೆ ಸಿನಿಮಾಕ್ಕೆ ಮಾತು ಬಂತು.
ಇವಳ ಬಾಯಲ್ಲಿ ಹಿಂದಿ
ಖಡಕ್ ರೊಟ್ಟಿಯ ಹಾಗೆ ಮುರಿಯಿತು.
ಮತ್ತೆ ರೈಲು. ದಾವಣಗೆರೆಯ ಗಿರಣಿಯಲ್ಲಿ ನೂಲು,
ಕೆಮ್ಮು ಹತ್ತಿದ ಮೇಲೆ ಭಟ್ಟಿಯಲ್ಲಿ ಮರಳು ಜರಡಿ.

ಒಂದು ಆರನೇ ತಾರೀಕು ತಂಗಿಯೂ ಬಂದಿದ್ದಳು,
ಜೋಡಿ ಹಸಿರು ಬಳೆ, ಗಾಜಲ್ಲ, ಹಗುರ.
ಭಟ್ಟಿಯ ಬಾಯಿಗೆ ಬಗ್ಗಿದ್ದೇ ತಡ
ತಿಪ್ಪಮ್ಮ ರಪ್ಪನೆ ಎಳೆದು ಬಳೆ ಕಳಚಿಬಿಟ್ಟಳು.
‘ಹಳೇ ರೀಲು ತೊಳದು, ಬೆಳ್ಳಿ ಬಸಕೊಂಡು
ಇವನ್ನ ಮಾಡ್ತಾರೆ ಕಣವ್ವ. ಬೆಂಕಿ ಕಂಡ್ರೆ ಧಗ್ ಅಂತಾವೆ.
ನನ್ನವೆಲ್ಲಾ ಅಂಗೇ ಹೋದ್ವು.
ಎಷ್ಟು ಜನದ ಕೈಯಾಗೆ ಇದೀನೋ ಏನೋ.’
ಅಳುವ ತಂಗಿಯನ್ನು ಬಿಟ್ಟು ಬಳೆಯನ್ನು
ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.
ನಾನೂ ನೋಡಿದೆ. ಹಸಿರು, ಅಷ್ಟೇ.

ಎಪ್ಪತ್ತೆಂಟರಲ್ಲಿ
ಬಡ ಕಲಾವಿದರ ಮಾಸಾಶನಕ್ಕೆ ಅರ್ಜಿ ತುಂಬಿದವನು ನಾನೇ.
ಚಿತ್ರದುರ್ಗದ ಕಚೇರಿಗೆ ಬಸ್ಸಿನಲ್ಲಿ ಕರೆದೊಯ್ದೆ;
ಭರಮಸಾಗರದ ಹತ್ತಿರ ಅವಳಿಗೆ ವಾಂತಿ.
ಗುಮಾಸ್ತ ಕೇಳಿದ: ನಟಿ ಅನ್ನೋಕೆ ಪುರಾವೆ?
ಫೋಟೋ? ಪೇಪರು? ಕರಾರು ಪತ್ರ?

ಅವಳು ಬಲಗೈಯನ್ನು ಮೇಜಿನ ಮೇಲಿಟ್ಟಳು.

ಅವನಿಗೆ ಅರ್ಥವಾಗಲಿಲ್ಲ. ಹೆಬ್ಬೆಟ್ಟು ಒತ್ತಲು ಎಂದುಕೊಂಡು
ಮಸಿಯ ಡಬ್ಬಿ ಮುಂದೆ ತಳ್ಳಿದ.
‘ಪೆನ್ನು ಕೊಡಪ್ಪ’ ಎಂದಳು.
ಮಣಿಕಟ್ಟು ಸ್ವಲ್ಪ ಎತ್ತಿ, ಕಿರುಬೆರಳು ದೂರ ಹಿಡಿದು,
ಯಾರೋ ಹೇಳುವವರೆಗೆ ಒಂದು ಕ್ಷಣ ಕಾದು,
ಎಳೆದಳು. ಸಹಿಯ ಜಾಗ ಮುಗಿದು
ತಾರೀಕಿನ ಮೇಲೆ ಹಾದು ಅಂಚಿನವರೆಗೂ.
ಫ್ಯಾನಿನ ಕೆಳಗೆ ಕೂತ ಟೈಪಿಸ್ಟ್ ಹೆಂಗಸು
ಟೈಪು ನಿಲ್ಲಿಸಿದ್ದಳು.

ಎರಡು ತಿಂಗಳಿಗೆ ಅರ್ಜಿ ವಾಪಸು ಬಂತು.
ಕೆಂಪು ಶಾಯಿ: ಸಹಿ ಅಸ್ಪಷ್ಟ.
ಅಷ್ಟರಲ್ಲಿ ಮನೆ ಖಾಲಿಯಾಗಿತ್ತು,
ಭಟ್ಟಿಯವರೇ ಮಣ್ಣು ಮಾಡಿದ್ದರು.

ಅಪ್ಪನ ಬಾಡಿಗೆ ಪುಸ್ತಕದಲ್ಲಿ ಅದನ್ನು ಇಟ್ಟಿದ್ದೇನೆ,
ಆರನೇ ತಾರೀಕಿನ ಪುಟಕ್ಕೆ.
ಆಗಾಗ ತೆಗೆದು ಓದುತ್ತೇನೆ.